ಇನ್ನೂರು ಗ್ರಾಂ

ಐದು ಕಿಲೋ ಬಟ್ಟಿನ ತಳದಲ್ಲೊಂದು ತೂತು.
ಅದರೊಳಗೆ ಸೀಸ ಕರಗಿಸಿ ಹೊಯ್ದವನು ನಾನೇ,
ಏಳು ವರ್ಷದ ಹಿಂದೆ,
ಹೆಂಡತಿ ಕಾಫಿ ಹುರಿದಿಟ್ಟು ಮಲಗಿದ ಮೇಲೆ
ಅದೇ ಕೆಂಡದಲ್ಲಿ.
ಹೆಚ್ಚೇನಿಲ್ಲ, ಇನ್ನೂರು ಗ್ರಾಂ.
ಎರಡು ಹಿಡಿ ತೆಫ್.

ಕಾಳುಗಳಲ್ಲೇ ಕಿರಿಯದು ತೆಫ್.
ಕೈಜಾರಿದರೆ ನೆಲ ನುಂಗಿತೆಂದೇ ಲೆಕ್ಕ.
ಅದರ ಹೆಸರಿಗೇ ‘ಕಳೆದುಹೋಯ್ತು’ ಎಂದರ್ಥ
ಅನ್ನುತ್ತಿದ್ದಳು ನನ್ನಜ್ಜಿ.
ಚೋಕೆ ಬೆಟ್ಟದಿಂದ ಕತ್ತೆಗಳ ಬೆನ್ನೇರಿ ಇಳಿದು
ನನ್ನ ತಕ್ಕಡಿಗೆ ಬಂದು
ತೂಕ ತೂಕಕ್ಕೂ ಎರಡು ಹಿಡಿ ಕಳೆದುಹೋಗುತ್ತಿತ್ತು.
ದೇವರಿಗೂ ವಯಸ್ಸಾಗಿದೆ,
ಇಷ್ಟು ಸಣ್ಣದು ಕಾಣಲಿಕ್ಕಿಲ್ಲ ಅಂದುಕೊಂಡಿದ್ದೆ.

ಉಪವಾಸ ತಪ್ಪಿಸಿದವನಲ್ಲ ನಾನು.
ಐವತ್ತೈದು ದಿನ ಹಾಲು ಮುಟ್ಟಲಿಲ್ಲ,
ಬೆಣ್ಣೆ ಮುಟ್ಟಲಿಲ್ಲ,
ಬಟ್ಟನ್ನು ಮಾತ್ರ ಮುಟ್ಟುತ್ತಲೇ ಇದ್ದೆ.

ಯಾತನೆಯ ವಾರದಲ್ಲಿ ನಮ್ಮೂರಲ್ಲಿ
ಯಾರೂ ಯಾರ ಕೆನ್ನೆಗೂ ಮುತ್ತಿಡುವುದಿಲ್ಲ.
ಒಂದು ಮುತ್ತು ಮೂವತ್ತು ಬೆಳ್ಳಿಗೆ ತೂಗಿದ್ದು ನೆನಪಿಟ್ಟು
ದೂರದಿಂದಲೇ ತಲೆಬಾಗಿ ಹೋಗುತ್ತಾರೆ.
ಈ ಸಲ ಎಲ್ಲರೂ ನನ್ನಿಂದಲೇ ದೂರ ನಿಂತಂತೆ ಕಂಡಿತು.

ಶುಕ್ರವಾರ. ದುಂಡು ಗುಡಿಯ ಅಂಗಳದ ತುಂಬ ಬಿಳಿ ಬಟ್ಟೆ
ಏಳುತ್ತ, ಬೀಳುತ್ತ, ಏಳುತ್ತ.
ಕರುಣಿಸು, ಕರುಣಿಸು,
ಬೆರಳ ಗೆಣ್ಣುಗಳ ಮೇಲೆ ನಲವತ್ತೊಂದು ಸಲ, ಮತ್ತೆ ಮೊದಲಿಂದ.
ಒಂದೂ ತಪ್ಪಲಿಲ್ಲ ನನಗೆ.
ಎಣಿಸುವುದು ನನ್ನ ಕಸುಬು.

ಸಂಜೆ ಅಬ್ಬಾ ಕಿಡಾನೆಯ ಮುಂದೆ ಸಾಲು.
ಕೈಯಲ್ಲಿ ಕಾಡು ಆಲಿವ್ ಕೊಂಬೆ, ಕಣ್ಣಲ್ಲಿ ಪೊರೆ.
ನನ್ನ ಮುಂದೆ ಯೆಶಿಹಾರೆಗ್, ಕುಂಬಾರನ ವಿಧವೆ.
ಕಿವಿ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ.

‘ಶಾಪ ಹಾಕಿದ್ದೇನೆ ಅಬ್ಬಾ, ತಕ್ಕಡಿಯವನಿಗೆ.
ಮೂರು ವರ್ಷ, ದೀಪ ಆರಿಸುವ ಮುಂಚೆ ದಿನಾ.
ಅವನ ಬಲಗೈ ಒಣಗಿಹೋಗಲಿ ಅಂತ.’

ಕೊಂಬೆ ಅವಳ ಬೆನ್ನು ತಟ್ಟಿತು ಮೆಲ್ಲಗೆ.
‘ನೂರು ಸಲ ಅಡ್ಡಬೀಳು ಮಗಳೇ.’
ಅವಳು ತನ್ನ ಮಂಡಿ ನೋಡಿಕೊಂಡಳು.
ನಾನು ನನ್ನ ಬಲಗೈ ನೋಡಿಕೊಂಡೆ.
ಗಟ್ಟಿಮುಟ್ಟಾಗಿತ್ತು.
ಅದನ್ನು ಹೊದಿಕೆಯೊಳಗೆ ಬಚ್ಚಿಟ್ಟೆ.

ಆಮೇಲೆ ಎಲ್ಲ ಹೇಳಿದೆ. ಸೀಸ, ಕೆಂಡ,
ವಾರಕ್ಕೆರಡು ಸಂತೆ, ಸಂತೆಗಿಷ್ಟು ಕ್ವಿಂಟಲ್,
ಕೂಡಿ ಗುಣಿಸಿ ಬಾಯಿಪಾಠ ಮಾಡಿ ತಂದಿದ್ದೆ.
‘ಇದಕ್ಕೆ ಎಷ್ಟಾಗುತ್ತದೆ ಅಬ್ಬಾ?’

ಬಹಳ ಹೊತ್ತು ಕೊಂಬೆ ಬೀಳಲಿಲ್ಲ.
‘ಇಲ್ಲಿಗೂ ತಕ್ಕಡಿ ಹೊತ್ತು ತಂದೆಯಾ ಅಯಾಲ್ನೆ?
ಅವಳ ಮಂಡಿ ಹೋಗಿದೆ, ಅವಳ ನೂರು ನೀನು ಹಾಕು.
ಆಮೇಲೆ ನಿನ್ನವು,
ಲೆಕ್ಕ ತಪ್ಪುವವರೆಗೆ.’

ಅವಳ ನೂರು ಸರಿಯಾಗಿ ಮುಗಿಸಿದೆ.
ನನ್ನವು ಇನ್ನೂರರ ಆಸುಪಾಸಿನಲ್ಲಿ ಎಲ್ಲೋ,
ಹಣೆಗೆ ಅಂಗಳದ ಮಣ್ಣು ಮೆತ್ತಿ,
ಹಸಿವು ಕಣ್ಣಿಗೇರಿ,
ಮುಂದಿನ ಅಂಕಿ ಯಾವುದೆಂದು ಹೊಳೆಯಲಿಲ್ಲ.
ಹುಡುಕಿದೆ. ಇರಲಿಲ್ಲ.
ಬರೀ ಕರುಣಿಸು ಎಂಬುದೊಂದು ಉಳಿದಿತ್ತು,
ಅದೂ ನನ್ನ ದನಿಯೇ ಎಂದು ಹೇಳಲಾರೆ.
ಯಾರೋ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು.

ಶನಿವಾರ ಉಳಿಯಿಂದ ಸೀಸ ಕೆತ್ತಿ ತೆಗೆದೆ.
ಗುಡಿಯಲ್ಲಿ ಹಂಚಿದ ಹಸಿರು ಜೊಂಡು ತಲೆಗೆ ಸುತ್ತಿಕೊಂಡು,
ಹೆಗಲ ಮೇಲೆ ತೆಫ್ ಚೀಲ ಹೊತ್ತು,
ಮೊದಲು ಅವಳ ಮನೆಗೇ ಹೋದೆ.
ಹೇಳಬೇಕಾದ್ದು ಬಾಯಿಗೆ ಬರಲಿಲ್ಲ.
ಸೀಸದ ಉಂಡೆ ಅವಳ ಅಂಗೈಯಲ್ಲಿಟ್ಟೆ.

ಅವಳು ಒಮ್ಮೆ ಎತ್ತಿ ಇಳಿಸಿ ತೂಗಿ ನೋಡಿದಳು,
ಸಂತೆಯಲ್ಲಿ ಈರುಳ್ಳಿ ನೋಡುವ ಹಾಗೆ.
‘ಇಷ್ಟೇನಾ?’ ಅಂದಳು.

ಬೈದಳೋ, ಬಿಟ್ಟಳೋ,
ಮೂರು ವರ್ಷದ ನಿದ್ದೆಗೆ ಮರುಗಿದಳೋ ತಿಳಿಯಲಿಲ್ಲ.
ಉಂಡೆಯನ್ನು ಕಿಟಕಿಯ ಮೇಲಿಟ್ಟು
ಮೊರ ಹಿಡಿದು ಕೇರಲು ಕೂತಳು.
ಚೀಲ ಎಲ್ಲಿಳಿಸಲಿ ಎಂದು ಕೇಳಲೂ ಆಗದೆ
ನಾನು ಬಾಗಿಲಲ್ಲೇ ನಿಂತಿದ್ದೆ,
ತಲೆಯ ಮೇಲೆ ಹುಲ್ಲು.